ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ: ಹಾಡಿ, ಕ್ಯಾಂಪು, ಆಲೆಮನೆಗಳಿಂದ ಬರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಕೈಪಿಡಿ

ಬೈಲಕುಪ್ಪೆ ಕ್ಯಾಂಪಿನ ಟಿಬೆಟನ್ ಮಗು, ಎಚ್.ಡಿ. ಕೋಟೆ ಹಾಡಿಯ (ಬುಡಕಟ್ಟು ಜನರ ಪುಟ್ಟ ಊರು) ಜೇನುಕುರುಬರ ಮಗು, ಹುಣಸೂರು ತಾಲ್ಲೂಕು ಪಕ್ಷಿರಾಜಪುರದ ಹಕ್ಕಿಪಿಕ್ಕಿ ಮಗು, ಮಂಡ್ಯದ ಆಲೆಮನೆಗೆ ಉತ್ತರ ಪ್ರದೇಶದಿಂದ ಬಂದವರ ಮಗು, ಮೈಸೂರಿನ ರಿಂಗ್ ರಸ್ತೆಯಾಚೆ ಕಟ್ಟಡದ ಶೆಡ್ಡಿನಲ್ಲಿರುವ ಅಸ್ಸಾಮಿನ ಮಗು. ಕಾನೂನು ಇವರನ್ನು ಬೇರೆ ಬೇರೆ ಪಟ್ಟಿಯಲ್ಲಿ ಇಡುತ್ತದೆ: ನಿರಾಶ್ರಿತರು, ಪರಿಶಿಷ್ಟ ಪಂಗಡ, ವಲಸೆ ಕಾರ್ಮಿಕರು. ಶಾಲೆ, ಅಂಗನವಾಡಿ, ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಇವರಿಗೆಲ್ಲ ಎದುರಾಗುವ ತೊಡಕು ಹೆಚ್ಚುಕಡಿಮೆ ಒಂದೇ. ಎದುರಿಗಿರುವ ದೊಡ್ಡವರಿಗೆ ಮಗುವಿನ ಮಾತು ಬರುವುದಿಲ್ಲ. ತಮಗೆ ಬಾರದ್ದನ್ನು ಅವರು ಮಗುವಿನ ದಡ್ಡತನವೆಂದು ಬರೆದುಕೊಳ್ಳುತ್ತಾರೆ.

ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಆಪ್ತಸಮಾಲೋಚಕರು, ಮಕ್ಕಳ ರಕ್ಷಣಾ ಘಟಕದವರು, ಹಾಸ್ಟೆಲ್ ವಾರ್ಡನ್‌ಗಳಿಗಾಗಿ ಬರೆದದ್ದು ಇದು. ಪಾಲಿಸಬೇಕಾದ ಮೊದಲ ನಿಯಮ: ಮಗು ಮನೆಯಲ್ಲಿ ಯಾವ ಮಾತು ಆಡುತ್ತದೆ ಎಂದು ತಿಳಿದುಕೊಳ್ಳುವ ತನಕ ಅದರ ಬುದ್ಧಿ, ನಡತೆ, ಆರೋಗ್ಯದ ಬಗ್ಗೆ ಯಾವ ತೀರ್ಮಾನವನ್ನೂ ಕಾಗದಕ್ಕೆ ಇಳಿಸಬೇಡಿ.

ದಾಖಲಾತಿಯ ದಿನ

ತಪ್ಪುಗಳಲ್ಲಿ ಅರ್ಧ ಇಲ್ಲೇ ಆಗುತ್ತವೆ, ಹತ್ತು ವರ್ಷದ ನಂತರ ಮಗುವಿಗೆ ಕಾಡುತ್ತವೆ.

ಮೊದಲು ಕಾಗದದ ಭಯ ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 3ನೇ ಸೆಕ್ಷನ್ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅನ್ವಯ. ಅಲ್ಲಿ ‘ಪ್ರತಿ ಮಗು’ ಎಂದಿದೆ, ‘ಪ್ರತಿ ನಾಗರಿಕ’ ಎಂದಿಲ್ಲ. 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಆಸ್ಪತ್ರೆಯ ಅಥವಾ ಎಎನ್‌ಎಂ (ಊರಿನ ಆರೋಗ್ಯ ಸಹಾಯಕಿ) ಅವರ ರಿಜಿಸ್ಟರು, ಅಂಗನವಾಡಿ ದಾಖಲೆ, ಅದೂ ಇಲ್ಲದಿದ್ದರೆ ಪೋಷಕರ ಘೋಷಣೆ ಸಾಕು. 5ನೇ ಸೆಕ್ಷನ್ ಪ್ರಕಾರ ಹಿಂದಿನ ಶಾಲೆಯ ವರ್ಗಾವಣೆ ಪತ್ರ (ಟಿಸಿ) ಬರಲಿಲ್ಲವೆಂದು ಮಗುವನ್ನು ಕಾಯಿಸುವಂತಿಲ್ಲ. ಆಧಾರ್ ಇಲ್ಲವೆಂದು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂಬುದು 2018ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಇದೆ. ಆದ್ದರಿಂದ ಮೊದಲು ಮಗುವನ್ನು ಕೂರಿಸಿ, ಊಟ ಹಾಕಿ. ಕಾಗದದ ಕೆಲಸ ಆಮೇಲೆ ಶುರುಮಾಡಿ. ಎಸ್‌ಎಟಿಎಸ್ (ಶಾಲಾ ಮಕ್ಕಳ ದಾಖಲೆ ಇಡುವ ಸರ್ಕಾರಿ ವ್ಯವಸ್ಥೆ) ತಂತ್ರಾಂಶ ಒಪ್ಪುತ್ತಿಲ್ಲ ಎಂಬುದು ಮುಖ್ಯಶಿಕ್ಷಕರು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಯ್ಯಬೇಕಾದ ತಲೆನೋವು. ಅದಕ್ಕಾಗಿ ಕಬ್ಬು ಕಡಿಯುವ ತಂದೆಯನ್ನು ಕೂಲಿ ಬಿಡಿಸಿ ಮೂರು ಸಲ ಓಡಾಡಿಸಬಾರದು.

ಮಾತೃಭಾಷೆಯ ಕಾಲಂ. ಬಹುತೇಕ ಕಡೆ ಕೇಳದೆಯೇ ‘ಕನ್ನಡ’ ಎಂದು ತುಂಬುತ್ತಾರೆ. ‘ನಿಮ್ಮ ಮಾತೃಭಾಷೆ ಯಾವುದು?’ ಎಂದು ಕೇಳಿದರೂ ಹಾಡಿಯವರು ಮುಜುಗರದಿಂದ ‘ಕನ್ನಡಾನೇ’ ಅನ್ನುತ್ತಾರೆ, ಬಿಹಾರದವರು ‘ಹಿಂದಿ’ ಅನ್ನುತ್ತಾರೆ. ಪ್ರಶ್ನೆಯನ್ನು ಬೇರೆ ರೀತಿ ಕೇಳಿ: ಮಗು ಅಜ್ಜಿ ಜೊತೆ ಯಾವ ಮಾತಾಡುತ್ತೆ? ಅಣ್ಣತಮ್ಮ ಜಗಳ ಆಡೋದು ಯಾವ ಮಾತಲ್ಲಿ? ನೀವು ಅವನನ್ನ ಬೈಯೋದು ಯಾವ ಮಾತಲ್ಲಿ? ಈ ಮೂರಕ್ಕೆ ಬರುವ ಉತ್ತರವೇ ನಿಜವಾದ ಉತ್ತರ. ‘ಹಿಂದಿ’ ಎಂದವರ ಮನೆಮಾತು ಭೋಜಪುರಿ ಅಥವಾ ಮೈಥಿಲಿ ಎಂದು ತಿಳಿಯುತ್ತದೆ. ಬಳ್ಳಾರಿ, ವಿಜಯನಗರದ ಕಡೆಯಿಂದ ಕಬ್ಬು ಕಡಿಯಲು ಬಂದು ‘ಕನ್ನಡ’ ಎಂದವರಲ್ಲಿ ಕೆಲವರ ಮನೆಯಲ್ಲಿ ಲಂಬಾಣಿ. ಮೈಸೂರಿನ ಮುಸ್ಲಿಂ ಮಗುವಿನ ಮನೆಯಲ್ಲಿ ಆಡುವುದು ದಖ್ಖನಿ. ಪುಸ್ತಕದ ಉರ್ದು ಅದಕ್ಕೂ ಹೊಸದೇ.

ಜಾತಿ, ಪಂಗಡದ ಕಾಲಂ. ಜೇನುಕುರುಬ, ಕಾಡುಕುರುಬ, ಬೆಟ್ಟಕುರುಬ ಎಂದು ಹೇಳಿದ್ದನ್ನು ಬರೆಯುವವರು ಬರೀ ‘ಕುರುಬ’ ಎಂದು ಇಳಿಸಿದರೆ ಮಗು ಕಾಗದದಲ್ಲಿ ಪರಿಶಿಷ್ಟ ಪಂಗಡದಿಂದ ಹಿಂದುಳಿದ ವರ್ಗದ ಪ್ರವರ್ಗ 2ಎಗೆ ಜಾರಿಬಿಡುತ್ತದೆ. ಮುಂದೆ ನಾಡಕಚೇರಿಯಲ್ಲಿ ಪ್ರಮಾಣಪತ್ರ ಕೇಳಲು ಹೋದಾಗ ಶಾಲೆಯ ದಾಖಲೆಯೇ ಎದುರು ನಿಲ್ಲುತ್ತದೆ, ಎಸ್ಸೆಸ್ಸೆಲ್ಸಿ ಆದಮೇಲೆ ತಿದ್ದಿಸುವುದು ಬಲು ಕಷ್ಟ. ಜೇನುಕುರುಬರು ಕರ್ನಾಟಕದ ಎರಡು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಂದು (ಇನ್ನೊಂದು ಕೊರಗರು), ಅವರಿಗೆಂದೇ ಇರುವ ಸೌಲಭ್ಯಗಳೆಲ್ಲ ಈ ಒಂದು ಪದದ ಮೇಲೆ ನಿಂತಿವೆ. ಬೆಟ್ಟಕುರುಬ ಎಂಬ ಹೆಸರು ಕಾಡುಕುರುಬದ ಪರ್ಯಾಯವಾಗಿ ಎಸ್‌ಟಿ ಪಟ್ಟಿಗೆ ಸೇರುವ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದೇ 2022ರ ಡಿಸೆಂಬರ್‌ನಲ್ಲಿ. ಹಳೆಯ ದಾಖಲೆಗಳಲ್ಲಿ ಅಕ್ಕನಿಗೊಂದು, ತಮ್ಮನಿಗೊಂದು ಹೆಸರಿರುವುದು ಸಾಮಾನ್ಯ. ಹೊಸ ಮಗುವನ್ನು ಸೇರಿಸುವಾಗ ಅಣ್ಣ, ಅಕ್ಕಂದಿರ ಟಿಸಿ, ತಂದೆಯ ಪ್ರಮಾಣಪತ್ರ ತರಿಸಿ ಹೋಲಿಸಿ.

ಹೆಸರು. ಟಿಬೆಟನ್ನರಲ್ಲಿ ನಮ್ಮ ಹಾಗೆ ಇನಿಷಿಯಲ್ ಇಲ್ಲ, ಬಹುತೇಕರಿಗೆ ಮನೆತನದ ಹೆಸರೂ ಇಲ್ಲ. ಎರಡೂ ಪದ ಸೇರಿ ಒಂದು ಹೆಸರು. 14ನೇ ದಲೈಲಾಮಾ ಅವರ ಹೆಸರು ತೆನ್ಜಿನ್ ಗ್ಯಾತ್ಸೊ, ಆದ್ದರಿಂದ ತೆನ್ಜಿನ್ ಎಂಬ ಮಕ್ಕಳು ಒಂದೇ ತರಗತಿಯಲ್ಲಿ ಐದಾರು ಮಂದಿ ಇರಬಹುದು. ಅದನ್ನು ಗಂಡಿಗೂ ಇಡುತ್ತಾರೆ, ಹೆಣ್ಣಿಗೂ ಇಡುತ್ತಾರೆ. ಹೆಸರು ನೋಡಿ ಲಿಂಗ ತುಂಬಬೇಡಿ, ಎರಡನೆಯ ಪದವನ್ನು ತಂದೆಯ ಹೆಸರೆಂದು ತಿಳಿಯಬೇಡಿ. ಹಾಜರಿ ಕರೆಯುವಾಗ ಎರಡೂ ಪದ ಕರೆಯಿರಿ. ಹಕ್ಕಿಪಿಕ್ಕಿಗಳಲ್ಲಿ ಹೈಕೋರ್ಟ್, ಕಾಫಿ ಎಂಬಂಥ ಹೆಸರುಗಳೂ ಇವೆ. ತರಗತಿ ನಗುತ್ತದೆ, ನೀವು ನಗಬಾರದು. ‘ಇದು ಕರೆಯುವ ಹೆಸರು, ನಿಜವಾದ ಹೆಸರು ಹೇಳು’ ಎಂದು ಒತ್ತಾಯಿಸಿ ಬೇರೆ ಹೆಸರು ಬರೆಸಿದರೆ ಆಧಾರ್ ಒಂದು, ಶಾಲೆ ಒಂದು ಆಗಿ ವಿದ್ಯಾರ್ಥಿವೇತನ ನಿಲ್ಲುತ್ತದೆ.

ರಾಷ್ಟ್ರೀಯತೆ. ಬೈಲಕುಪ್ಪೆಯಲ್ಲಿ ಮೊದಲ ಟಿಬೆಟನ್ ವಸತಿ ನೆಲೆಯಾದದ್ದು 1961ರ ಸುಮಾರಿಗೆ, ಎರಡನೆಯದು 1969ರಲ್ಲಿ. ಈಗಿನ ಮಕ್ಕಳ ಅಜ್ಜ ಅಜ್ಜಿಯರು ಇಲ್ಲೇ ಹುಟ್ಟಿದವರಾಗಿರಬಹುದು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಆದರೂ ಅನೇಕರು ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರವನ್ನೇ ಇಟ್ಟುಕೊಂಡಿದ್ದಾರೆ. ಒಂದೇ ಮನೆಯಲ್ಲಿ ಎರಡು ಬಗೆಯ ಕಾಗದ ಇರಬಹುದು. ಮೆರೂನ್ ಬಟ್ಟೆ ತೊಟ್ಟ ಪುಟ್ಟ ಭಿಕ್ಷುಗಳೆಲ್ಲ ಟಿಬೆಟನ್ನರೂ ಅಲ್ಲ. ಲಡಾಖ್, ಅರುಣಾಚಲದಿಂದ ಬಂದ ಭಾರತೀಯ ಮಕ್ಕಳು, ನೇಪಾಳ, ಭೂತಾನಿನ ಮಕ್ಕಳು ನಮ್ಡ್ರೋಲಿಂಗ್, ಸೆರಾ ಮಠಗಳಲ್ಲಿದ್ದಾರೆ. ಪೋಷಕರು ತೋರಿಸಿದ ಕಾಗದದಲ್ಲಿ ಏನಿದೆಯೋ ಅದನ್ನು ನಕಲು ಮಾಡಿ, ಊಹಿಸಬೇಡಿ. ಬಂಗಾಳಿ ಮಾತಾಡುವ ಕಾರ್ಮಿಕರ ಮಗು ಬಂದರೆ ‘ಬಾಂಗ್ಲಾದೇಶದವರಾ?’ ಎಂದು ಕೇಳುವುದು ಶಿಕ್ಷಕರ ಕೆಲಸವಲ್ಲ. ಆ ಒಂದು ಪ್ರಶ್ನೆ ಸಾಕು, ಮಾರನೆಯ ದಿನ ಇಡೀ ಶೆಡ್ಡಿನ ಮಕ್ಕಳು ಬರುವುದು ನಿಲ್ಲುತ್ತದೆ.

ಮೊದಲ ವಾರ: ಹನ್ನೆರಡು ಮಾತು

ಮಗುವಿನ ಭಾಷೆಯನ್ನು ನೀವು ಕಲಿಯಬೇಕಿಲ್ಲ. ಹನ್ನೆರಡು ಮಾತು ಕಲಿತರೆ ಸಾಕು. ದಾಖಲಾತಿಯ ದಿನವೇ ತಾಯಿಯನ್ನೋ ಅಕ್ಕನನ್ನೋ ಕೂರಿಸಿಕೊಂಡು ಕೇಳಿ, ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ: ಬಾ, ಕೂತುಕೋ, ನೀರು, ಊಟ, ಹಸಿವು, ಮೂತ್ರ, ನೋವು, ಭಯ, ಅರ್ಥವಾಗಲಿಲ್ಲ, ಇನ್ನೊಮ್ಮೆ, ಸಾಕು, ಅಮ್ಮ ಬರುತ್ತಾಳೆ. ಮೊಬೈಲಿನಲ್ಲಿ ಅವರ ದನಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಇದನ್ನು ಅಡುಗೆಯವರಿಗೂ ಆಯಾಗೂ ಕೊಡಿ, ಏಕೆಂದರೆ ಮಗು ಮೊದಲು ಮಾತಾಡಲು ನೋಡುವುದು ಅವರ ಹತ್ತಿರ. ‘ಮೂತ್ರ’ದ ಮಾತು ಮರೆತರೆ ಏನಾಗುತ್ತದೆ ಎಂಬುದು ಗೊತ್ತೇ ಇದೆ. ಮೊದಲ ದಿನ ಚಡ್ಡಿ ಒದ್ದೆಯಾದ ಮಗು ಎರಡನೆಯ ದಿನ ಬರುವುದಿಲ್ಲ.

ಶೌಚಾಲಯ, ನೀರಿನ ನಲ್ಲಿ, ಊಟದ ಜಾಗ, ಗೇಟು ಇವನ್ನು ಕೈಹಿಡಿದು ತೋರಿಸಿ. ಒಬ್ಬ ಜೊತೆಗಾರನನ್ನು ಕೊಡಿ. ಸಾಧ್ಯವಾದರೆ ಅದೇ ಮಾತು ಬರುವವನು, ಇಲ್ಲದಿದ್ದರೆ ತಾಳ್ಮೆ ಇರುವವನು. ತರಗತಿಯ ಮೊದಲ ರ‍್ಯಾಂಕಿನವನೇ ಆಗಬೇಕಿಲ್ಲ. ವಾರಕ್ಕೊಮ್ಮೆ ಜೊತೆಗಾರ ಬದಲಾಗಲಿ, ಇಲ್ಲದಿದ್ದರೆ ಅವನಿಗೇ ಹೊರೆಯಾಗುತ್ತದೆ.

ಊಟದ ವಿಷಯ ಸಣ್ಣದಲ್ಲ. ಮುದ್ದೆ ಕಂಡೇ ಇರದ ಬಿಹಾರದ ಮಗು ಅದನ್ನು ಅಗಿಯಲು ಹೋಗಿ ಉಗುಳುತ್ತದೆ. ಸುತ್ತಲಿನ ಮಂಡ್ಯದ ಮಕ್ಕಳಿಗೆ ಇದಕ್ಕಿಂತ ದೊಡ್ಡ ತಮಾಷೆ ಇಲ್ಲ. ಮೊದಲ ಕೆಲವು ದಿನ ಅನ್ನ ಬಡಿಸಿ, ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವುದನ್ನು ಒಬ್ಬ ಹುಡುಗ ಪಕ್ಕದಲ್ಲಿ ಕೂತು ತೋರಿಸಲಿ. ಮನೆಯಲ್ಲಿ ಏನು ತಿನ್ನುತ್ತಾರೆ, ಯಾವ ಮಾಂಸ ತಿನ್ನುತ್ತಾರೆ ಎಂಬುದು ತರಗತಿಯ ಚರ್ಚೆಯಾಗದಂತೆ ನೋಡಿಕೊಳ್ಳಿ. ಹೇನು, ಬಟ್ಟೆಯ ವಾಸನೆ, ಬರಿಗಾಲು ಇವುಗಳ ಮಾತು ಎಲ್ಲರೆದುರು ಬೇಡವೇ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ.

ಮೌನದ ತಿಂಗಳುಗಳು

ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಬಾಯಿ ಬಿಡದೆ ಇರಬಹುದು. ಇದು ಕೇಳಿಸಿಕೊಳ್ಳುವ ಕಾಲ. ಒಳಗೆ ಕೆಲಸ ನಡೆಯುತ್ತಿರುತ್ತದೆ. ಎದ್ದು ನಿಲ್ಲಿಸಿ ‘ಹೇಳು, ಹೇಳು’ ಅನ್ನಬೇಡಿ. ತೋರಿಸಿ ಉತ್ತರಿಸಲು ಬಿಡಿ: ‘ಕೆಂಪು ಯಾವುದು?’ ಎಂದರೆ ಮುಟ್ಟಿದರೆ ಸಾಕು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ. ನಮ್ಮಲ್ಲಿ ಹೆಚ್ಚಿನವರು ಎರಡು ಎಣಿಸುವಷ್ಟೂ ಕಾಯುವುದಿಲ್ಲ.

ದಿನಕ್ಕೆ ಐದಾರು ಹೊಸ ಪದ, ಅದೂ ವಸ್ತು ಅಥವಾ ಚಲನೆಯ ಜೊತೆ: ಬಾಗಿಲು ತೆಗೆ, ಬಾಗಿಲು ಮುಚ್ಚು, ಚೀಲ ಮೇಲಿಡು. ಮೊದಲ ಆರೆಂಟು ವಾರ ಕಿವಿ ಮತ್ತು ಬಾಯಿಯ ಕೆಲಸವೇ ಹೆಚ್ಚಿರಲಿ, ಅಕ್ಷರ ನಿಧಾನಕ್ಕೆ ಬರಲಿ. ಅರ್ಥವಾಗದ ಪದವನ್ನು ಕಾಪಿ ಬರೆಯುವ ಮಗು ನೋಟ್‌ಬುಕ್ಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ತೋರಿಸಲಷ್ಟೇ ಅದು ಉಪಯೋಗ. ಲೆಕ್ಕವನ್ನು ಮಗು ತನ್ನ ಭಾಷೆಯಲ್ಲೇ ಎಣಿಸಲಿ, ಉತ್ತರ ಅಂಕಿಯಲ್ಲಿ ಬರೆಯಲಿ. ಒಂದೇ ಭಾಷೆಯ ಇಬ್ಬರಿದ್ದರೆ ಪಾಠದ ಬಗ್ಗೆ ತಮ್ಮ ಮಾತಲ್ಲಿ ಮಾತಾಡಿಕೊಳ್ಳಲು ಐದು ನಿಮಿಷ ಕೊಡಿ. ‘ಕನ್ನಡದಲ್ಲೇ ಮಾತಾಡಿ’ ಎಂದು ದಂಡ ಹಾಕುವ ಶಾಲೆಯಲ್ಲಿ ಕನ್ನಡ ಬೇಗ ಬರುವುದಿಲ್ಲ, ಬಾಯಿ ಬೇಗ ಮುಚ್ಚುತ್ತದೆ.

ಆಟದ ಮೈದಾನದ ಕನ್ನಡ ಸಾಮಾನ್ಯವಾಗಿ ಎರಡು ವರ್ಷದೊಳಗೆ ಬಂದುಬಿಡುತ್ತದೆ. ಪಠ್ಯದ ಕನ್ನಡಕ್ಕೆ (ದ್ಯುತಿಸಂಶ್ಲೇಷಣೆ, ಲಘುತಮ ಸಾಮಾನ್ಯ ಅಪವರ್ತ್ಯ, ‘ಕಾರಣ ಕೊಟ್ಟು ವಿವರಿಸಿ’) ಐದರಿಂದ ಏಳು ವರ್ಷ ಹಿಡಿಯುತ್ತದೆ ಎಂಬುದು ದ್ವಿಭಾಷಾ ಶಿಕ್ಷಣದಲ್ಲಿ ಬಹಳ ಕಾಲದಿಂದ ಒಪ್ಪಿತವಾದ ಅಂದಾಜು. ಭಾಷಾತಜ್ಞ ಜಿಮ್ ಕಮಿನ್ಸ್ ಈ ಎರಡನ್ನೂ ಬೇರೆ ಮಾಡಿ ತೋರಿಸಿದ್ದು 1979ರಲ್ಲಿ. ‘ಬೀದೀಲಿ ಪಟಪಟ ಮಾತಾಡ್ತಾನೆ, ಪರೀಕ್ಷೇಲಿ ಮಾತ್ರ ಸೊನ್ನೆ, ಸೋಮಾರಿ’ ಎಂಬ ದೂರು ಹುಟ್ಟುವುದು ಈ ನಡುವಿನ ಮೂರ್ನಾಲ್ಕು ವರ್ಷದಲ್ಲಿ.

ಜೇನುಕುರುಬರ ಮಕ್ಕಳ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮ. ಅವರ ನುಡಿ ಕನ್ನಡಕ್ಕೆ ಹತ್ತಿರ. ಹತ್ತಿರವಾದ್ದರಿಂದಲೇ ಅದನ್ನು ಬೇರೆ ನುಡಿಯೆಂದು ಯಾರೂ ಗಣಿಸುವುದಿಲ್ಲ, ‘ಕೆಟ್ಟ ಕನ್ನಡ’ ಎಂದು ತಿದ್ದುತ್ತಾರೆ. ಟಿಬೆಟನ್ ಮಗುವಿಗೆ ಸಿಗುವ ‘ಪಾಪ, ಹೊಸ ಭಾಷೆ’ ಎಂಬ ರಿಯಾಯಿತಿಯೂ ಹಾಡಿಯ ಮಗುವಿಗೆ ಸಿಗುವುದಿಲ್ಲ. ಅದು ಬೇರೆ ನುಡಿ ಎಂದೇ ನಡೆದುಕೊಳ್ಳಿ. ‘ನಿಮ್ಮಲ್ಲಿ ಹಾಗಂತಾರೆ, ಪುಸ್ತಕದಲ್ಲಿ ಹೀಗಂತಾರೆ’ ಎಂದರೆ ಸಾಕು.

ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ (ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್), ಕೆಳಗಿನ ತರಗತಿಯಲ್ಲಿ ಕೂರಿಸಬೇಡಿ. ಹಿಂದುಳಿದದ್ದನ್ನು ತುಂಬಲು ಕನಿಷ್ಠ 3 ತಿಂಗಳಿಂದ ಗರಿಷ್ಠ 2 ವರ್ಷದವರೆಗೆ ವಿಶೇಷ ತರಬೇತಿಗೆ ಅವಕಾಶವಿದೆ. ಹನ್ನೊಂದು ವರ್ಷದವನನ್ನು ಒಂದನೇ ತರಗತಿಯಲ್ಲಿ ಕೂರಿಸಿದರೆ ಅವನು ಮೂರು ವಾರಕ್ಕೆ ತೋಟದ ಕೂಲಿಗೆ ಹೋಗುತ್ತಾನೆ.

ಭಾಷೆಯ ತೊಡಕೋ, ನಿಜವಾದ ತೊಂದರೆಯೋ

ಎರಡೂ ಕಡೆ ತಪ್ಪಬಹುದು. ಕನ್ನಡ ಬಾರದ ಮಗುವಿಗೆ ಬುದ್ಧಿಮಾಂದ್ಯ ಎಂಬ ಹಣೆಪಟ್ಟಿ ಅಂಟಿಸುವುದು ಒಂದು ತಪ್ಪು. ಕಿವಿ ಕೇಳದ ಮಗುವನ್ನು ‘ಭಾಷೆ ಬರಲ್ಲ, ಸರಿಹೋಗುತ್ತೆ’ ಎಂದು ಎರಡು ವರ್ಷ ಬಿಡುವುದು ಇನ್ನೊಂದು.

ಉಚ್ಚಾರಣೆಯಿಂದ ಶುರುಮಾಡಿ. ಹಿಂದಿಯಲ್ಲಿ ಎ–ಏ, ಒ–ಓ ಎಂಬ ಹ್ರಸ್ವ–ದೀರ್ಘ ಜೋಡಿಗಳಿಲ್ಲ, ಳ ಇಲ್ಲ. ಹಾಗಾಗಿ ಆ ಮಗುವಿಗೆ ‘ಎಲೆ–ಎಳೆ’, ‘ಕೊಡು–ಕೋಡು’ ಒಂದೇ ತರ ಕೇಳಿಸುತ್ತವೆ. ಅಸ್ಸಾಮಿಯಲ್ಲಿ ತ ಮತ್ತು ಟ ಬೇರೆ ಬೇರೆ ಧ್ವನಿಗಳಾಗಿ ಉಳಿದಿಲ್ಲ. ಬಂಗಾಳಿ ಮಗು ವ ಇರುವಲ್ಲಿ ಬ ಅನ್ನುತ್ತದೆ. ಟಿಬೆಟನ್ ಆಡುಮಾತಿನಲ್ಲಿ ಕ–ಗ, ತ–ದ, ಪ–ಬಗಳ ವ್ಯತ್ಯಾಸ ಕನ್ನಡದ ಹಾಗಿಲ್ಲ, ಅಲ್ಲಿ ಸ್ವರದ ಏರಿಳಿತ ಆ ಕೆಲಸ ಮಾಡುತ್ತದೆ. ಇವು ಮಾತಿನ ದೋಷಗಳಲ್ಲ. ಡಿಕ್ಟೇಷನ್‌ನಲ್ಲಿ ಇವಕ್ಕೆ ಅಂಕ ಕಳೆಯುವ ಮೊದಲು ಕೇಳಿ ಗುರುತಿಸುವ ಅಭ್ಯಾಸ ಮಾಡಿಸಿ: ಎರಡು ಚಿತ್ರ ಇಟ್ಟು, ನೀವು ಪದ ಹೇಳಿ, ಮಗು ತೋರಿಸಲಿ.

ಆಮೇಲೆ ಪೋಷಕರಿಗೆ ಐದು ಪ್ರಶ್ನೆ, ದುಭಾಷಿಯ ಮೂಲಕ, ಅವರ ಭಾಷೆಯಲ್ಲೇ. ಮಗು ಮೊದಲ ಮಾತಾಡಿದ್ದು ಯಾವಾಗ? ಮನೆಯಲ್ಲಿ ತನ್ನ ವಾರಗೆಯವರ ಹಾಗೆ ಮಾತಾಡುತ್ತದೆಯೇ? ‘ಒಳಗೆ ಹೋಗಿ ಚೊಂಬು ತಗೊಂಡು ಅಜ್ಜಿಗೆ ಕೊಡು’ ಎಂದರೆ ಎಲ್ಲ ಹಂತ ನೆನಪಿಟ್ಟು ಮಾಡುತ್ತದೆಯೇ? ಕಿವಿ ಸೋರುತ್ತದೆಯೇ, ಹಿಂದಿನಿಂದ ಕೂಗಿದರೆ ತಿರುಗುತ್ತದೆಯೇ? ತಲೆಗೆ ಪೆಟ್ಟು, ಫಿಟ್ಸ್, ದೊಡ್ಡ ಜ್ವರ ಆಗಿತ್ತೇ? ತೊಂದರೆ ಮನೆಮಾತಿನಲ್ಲೂ ಇದ್ದರೆ ಮಾತ್ರ ಅದು ಭಾಷಾ ದೋಷವಿರಬಹುದು. ಕನ್ನಡದಲ್ಲಿ ಮಾತ್ರ ಇದ್ದರೆ ಅದು ಕಲಿಕೆಯ ಹಂತ.

ಅನುಮಾನ ಉಳಿದರೆ ಈ ಭಾಗದವರಿಗೆ ದೊಡ್ಡ ಅನುಕೂಲವೊಂದಿದೆ: ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕಿವಿಯ ಪರೀಕ್ಷೆ ಮೊದಲು ಆಗಲಿ, ಉಳಿದದ್ದು ನಂತರ. ಕಳಿಸುವ ಚೀಟಿಯಲ್ಲಿ ಮನೆಮಾತು ಯಾವುದು, ಕನ್ನಡದ ನಡುವೆ ಎಷ್ಟು ತಿಂಗಳಾಯಿತು, ಐದು ಪ್ರಶ್ನೆಗೆ ಬಂದ ಉತ್ತರ ಏನು ಎಂದು ಬರೆಯಿರಿ. ‘ಮಾತು ಸರಿಯಿಲ್ಲ’ ಎಂದಷ್ಟೇ ಬರೆದ ಚೀಟಿಯಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಬುದ್ಧಿಮತ್ತೆಯ ಪರೀಕ್ಷೆ ಯಾವ ಭಾಷೆಯಲ್ಲಿ ಆಯಿತು ಎಂದು ವರದಿಯಲ್ಲಿ ಇಲ್ಲದಿದ್ದರೆ ಆ ಅಂಕಿಯನ್ನು ನಂಬಬೇಡಿ.

ದೇಹದ ಕಡೆಯೂ ಗಮನವಿರಲಿ. ದಕ್ಷಿಣ ಕರ್ನಾಟಕದ ಕಾಡಿನಂಚಿನ ಬುಡಕಟ್ಟುಗಳಲ್ಲಿ ಕುಡಗೋಲು ಕಣ ರಕ್ತಹೀನತೆ, ಎಲ್ಲರೂ ಕರೆಯುವಂತೆ ಸಿಕಲ್ ಸೆಲ್, ಕಂಡುಬರುತ್ತದೆ. ಸದಾ ಸುಸ್ತು, ಕೈಕಾಲು ಕೀಲುಗಳ ನೋವು, ಕಣ್ಣು ಹಳದಿ, ಪದೇ ಪದೇ ಜ್ವರ ಇರುವ ಮಗುವನ್ನು ಸೋಮಾರಿ ಅನ್ನುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಡಿ 40 ವರ್ಷದೊಳಗಿನವರಿಗೆ ತಪಾಸಣೆ ಇದೆ. ಕಾಯಿಲೆ ಇರುವ ಮಗು ತರಗತಿಯಲ್ಲಿ ಬೇಕಾದಾಗ ನೀರು ಕುಡಿಯಬೇಕು, ಚಳಿ ಮತ್ತು ಬಿಸಿಲಲ್ಲಿ ಓಡಿಸಬಾರದು. ಜ್ವರ ಅಥವಾ ಎದೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ದುಭಾಷಿಯನ್ನು ಬಳಸುವುದು

ಹೆಚ್ಚು ಕೆಡುವುದು ಇಲ್ಲೇ. ಯಾರು ದುಭಾಷಿ ಆಗಬಾರದು ಎಂಬುದನ್ನು ಮೊದಲು ಹೇಳಬೇಕು. ಮಗುವಿನ ಅಣ್ಣ ಅಕ್ಕ ಬೇಡ: ತಾಯಿಯ ಕಾಯಿಲೆ, ಅಪ್ಪನ ಕುಡಿತ, ಸಾಲದ ಮಾತನ್ನು ಹತ್ತು ವರ್ಷದವಳ ಬಾಯಿಂದ ಹೇಳಿಸಬಾರದು. ಮೇಸ್ತ್ರಿ, ಕಬ್ಬು ಕಡಿಯುವ ಗ್ಯಾಂಗಿನ ಮುಖಂಡ, ಆಲೆಮನೆ ಮಾಲೀಕ ಬೇಡವೇ ಬೇಡ: ಮುಂಗಡ ಕೊಟ್ಟವನ ಎದುರು ಯಾರೂ ನಿಜ ಹೇಳುವುದಿಲ್ಲ. ಅದೇ ಹಾಡಿಯ, ಅದೇ ಕ್ಯಾಂಪಿನ ನೆರೆಮನೆಯವರೂ ಗುಟ್ಟಿನ ವಿಷಯಕ್ಕೆ ಸಲ್ಲರು. ಹದಿಹರೆಯದ ಹುಡುಗಿಗೆ ಹೆಂಗಸೇ ದುಭಾಷಿಯಾಗಲಿ.

ಹಾಗಾದರೆ ಯಾರು? ಬೇರೆ ಹಾಡಿಯ ಆಶಾ ಕಾರ್ಯಕರ್ತೆ, ಆಶ್ರಮ ಶಾಲೆಯಲ್ಲಿ ಓದಿ ಕೆಲಸದಲ್ಲಿರುವ ಯುವತಿ, ಟಿಬೆಟನ್ ಕ್ಯಾಂಪಿನ ಆಸ್ಪತ್ರೆ ಅಥವಾ ಶಾಲೆಯ ಸಿಬ್ಬಂದಿ, ವಿಶ್ವವಿದ್ಯಾಲಯದಲ್ಲಿ ಓದುವ ಅಸ್ಸಾಮಿ, ಬಂಗಾಳಿ ವಿದ್ಯಾರ್ಥಿಗಳು. ಮೈಸೂರಿನಲ್ಲಿ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನದಲ್ಲಿ ಅನೇಕ ಭಾಷೆಗಳ ಜನ ಕೆಲಸ ಮಾಡುತ್ತಾರೆ, ದಾರಿ ಕೇಳಲು ಒಳ್ಳೆಯ ಜಾಗ. ಬುಡಕಟ್ಟು ಸಮುದಾಯಗಳ ವಿಷಯಕ್ಕೆ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಮೈಸೂರಿನಲ್ಲೇ ಇದೆ. ಹೆಸರು, ಫೋನು, ಭಾಷೆ, ಸಿಗುವ ಸಮಯ ಬರೆದ ಪಟ್ಟಿಯೊಂದು ಬಿಇಒ ಅಥವಾ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯ ಗೋಡೆಯ ಮೇಲಿದ್ದರೆ ಬೇಕಾದ ದಿನ ಹುಡುಕಾಟ ಇರುವುದಿಲ್ಲ. ಹೋಗಿಬರುವ ಖರ್ಚು, ದಿನಗೂಲಿ ಕೊಡಿ. ಪುಕ್ಕಟೆ ದುಭಾಷಿ ಎರಡನೇ ಸಲ ಬರುವುದಿಲ್ಲ.

ಭೇಟಿಗೆ ಮುನ್ನ ಹತ್ತು ನಿಮಿಷ ಅವರ ಜೊತೆ ಕೂತು ವಿಷಯ ಏನು, ಯಾವ ಪದಗಳು ಬರುತ್ತವೆ ಎಂದು ತಿಳಿಸಿ. ಕೇಳಿದ್ದು ಕೋಣೆಯಲ್ಲೇ ಉಳಿಯಬೇಕು ಎಂದು ಅಲ್ಲೇ ಮಾತು ತಗೊಳ್ಳಿ. ಮೂವರೂ ತ್ರಿಕೋನದ ಹಾಗೆ ಕೂತು, ನಿಮ್ಮ ಕಣ್ಣು ಮಗುವಿನ ಅಥವಾ ಪೋಷಕರ ಮೇಲಿರಲಿ, ದುಭಾಷಿಯ ಮೇಲಲ್ಲ. ‘ಅವಳನ್ನ ಕೇಳಿ, ಹೊಟ್ಟೆ ನೋವು ಯಾವಾಗಿಂದ ಅಂತ’ ಅನ್ನಬೇಡಿ. ‘ಹೊಟ್ಟೆ ನೋವು ಯಾವಾಗಿಂದ, ಅಮ್ಮಾ?’ ಎಂದು ನೇರ ಕೇಳಿ. ಒಂದೆರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ. ತಾಯಿ ಎರಡು ನಿಮಿಷ ಮಾತಾಡಿ ದುಭಾಷಿ ‘ಹೂಂ ಅಂತಾಳೆ’ ಎಂದರೆ ನಿಲ್ಲಿಸಿ, ಅವರು ಹೇಳಿದ್ದನ್ನೆಲ್ಲ ಹೇಳುವಂತೆ ಕೇಳಿ. ಸಾಮಾನ್ಯ ಭೇಟಿಗೆ ಬೇಕಾದ ಎರಡರಷ್ಟು ಸಮಯ ಇಟ್ಟುಕೊಳ್ಳಿ. ಮುಗಿದ ಮೇಲೆ ದುಭಾಷಿ ಜೊತೆ ಇನ್ನೈದು ನಿಮಿಷ ಮಾತಾಡಿ. ಹೇಳಲಾಗದೆ ಉಳಿದದ್ದು, ಆ ಜನಕ್ಕೆ ನೋವಾಗುವಂತೆ ನೀವು ಕೇಳಿದ್ದು ಆಗ ಹೊರಬರುತ್ತದೆ. ಫೋನಿನ ಸ್ಪೀಕರಿನಲ್ಲೂ ಇದು ನಡೆಯುತ್ತದೆ. ಮೊಬೈಲ್ ಅನುವಾದದ ಆ್ಯಪ್ ‘ನಾಳೆ ರಜೆ’ ತಿಳಿಸಲು ಆಗಬಹುದು. ಕಾಯಿಲೆ, ದೌರ್ಜನ್ಯ, ಕಾನೂನಿನ ಮಾತಿಗೆ ಬೇಡ.

ಮನೆಗೆ ಹೋಗುವುದು

ಹಾಡಿಗೆ ಹೋದಾಗ ಮೊದಲು ಯಜಮಾನರನ್ನು ಮಾತಾಡಿಸಿ, ಆಮೇಲೆ ಮನೆ. ಕಾಡಿನಂಚಿನಲ್ಲಿ ಸಂಜೆ ಐದರ ನಂತರ ಉಳಿಯಬೇಡಿ, ಆನೆ ಬರುವ ಹೊತ್ತು. ಬೆಳಗ್ಗೆ ಎಂಟರೊಳಗೆ ಹೋದರೆ ಹಿರಿಯರು ಸಿಗುತ್ತಾರೆ. ಕಬ್ಬಿನ ಗ್ಯಾಂಗಿನವರು ಬೆಳಕು ಹರಿಯುವ ಮೊದಲೇ ಹೊರಡುವುದರಿಂದ ಅವರ ಬಿಡಾರಕ್ಕೆ ಸಂಜೆಯೇ ಸರಿ. ಟಿಬೆಟನ್ ಮನೆಯಲ್ಲಿ ತಂದೆಯನ್ನು ಪಾ–ಲಾ, ತಾಯಿಯನ್ನು ಅಮಾ–ಲಾ ಎಂದರೆ ಅವರಿಗೆ ಹಿತ. ಶಿಕ್ಷಕರನ್ನು ಅವರು ಗೆನ್–ಲಾ ಅನ್ನುತ್ತಾರೆ. ಕೊಟ್ಟ ಚಹಾ ಕುಡಿಯಿರಿ, ಬೆಣ್ಣೆ ಉಪ್ಪಿನದ್ದಾದರೂ.

ಗೈರುಹಾಜರಿಗೆ ಕಾರಣ ಹುಡುಕುವಾಗ ಕ್ಯಾಲೆಂಡರ್ ನೋಡಿ. ನವೆಂಬರಿನಿಂದ ಫೆಬ್ರವರಿವರೆಗೆ ಎಚ್.ಡಿ. ಕೋಟೆ, ಹುಣಸೂರು ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳ ಲೈನ್ ಮನೆಗೆ (ಕೂಲಿಯವರ ಸಾಲುಮನೆ) ಕುಟುಂಬಗಳೇ ಹೋಗುತ್ತವೆ. ಅದೇ ಹೊತ್ತಿಗೆ ಟಿಬೆಟನ್ ಹಿರಿಯರು ಊರೂರಿಗೆ ಸ್ವೆಟರ್ ಮಾರಲು ಹೋಗಿರುತ್ತಾರೆ, ಮಕ್ಕಳು ಅಜ್ಜಿಯ ಬಳಿ ಅಥವಾ ಹಾಸ್ಟೆಲಿನಲ್ಲಿ. ಹಕ್ಕಿಪಿಕ್ಕಿಗಳು ಕೂದಲೆಣ್ಣೆ, ಗಿಡಮೂಲಿಕೆ ಮಾರಲು ಆಫ್ರಿಕಾದವರೆಗೂ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಗಲಭೆ ಎದ್ದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅಂಥ ಸುದ್ದಿ ಬಂದಾಗ ತರಗತಿಯಲ್ಲಿರುವ ಮಗುವಿನ ಮನಸ್ಸಿನಲ್ಲಿ ಏನಿರುತ್ತದೆ ಎಂದು ಒಂದು ಕ್ಷಣ ಯೋಚಿಸಿ. ತಂದೆತಾಯಿ ಇಲ್ಲದ ತಿಂಗಳುಗಳಲ್ಲಿ ಮಗುವಿಗೆ ಜವಾಬ್ದಾರರು ಯಾರು, ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮುಂಚೆಯೇ ಬರೆದಿಟ್ಟುಕೊಳ್ಳಿ.

ಸಂಕಟ ಮತ್ತು ಭಯ

ಊರು ಬಿಟ್ಟವರು, ಕಾಡು ಬಿಡಿಸಲ್ಪಟ್ಟವರು, ಆನೆ ಹುಲಿ ದಾಳಿಯಲ್ಲಿ ಅಪ್ಪನನ್ನು ಕಳೆದುಕೊಂಡವರು ಇದ್ದಾರೆ. ಆದರೆ ಎಲ್ಲ ದುಃಖವೂ ಕಾಯಿಲೆಯಲ್ಲ. ಬೆಳಗ್ಗೆ ಹೊಟ್ಟೆನೋವು, ಹಾಸಿಗೆ ಒದ್ದೆ, ಸದ್ದಿಗೆ ಬೆಚ್ಚುವುದು, ಆಟದಿಂದ ದೂರ ಉಳಿಯುವುದು ಮೊದಲ ವಾರಗಳಲ್ಲಿ ಸಹಜ. ದಿನವೂ ಒಂದೇ ಕ್ರಮ, ಒಂದೇ ಜಾಗ, ಒಬ್ಬ ನಂಬಿಕೆಯ ದೊಡ್ಡವರು, ಇವೇ ಮೊದಲ ಮದ್ದು. ‘ಏನಾಯ್ತು, ಹೇಳು’ ಎಂದು ಕೆದಕಬೇಡಿ. ಮಗು ತಾನಾಗಿ ಹೇಳಿದರೆ ಕೇಳಿ, ಅರ್ಧಕ್ಕೆ ನಿಲ್ಲಿಸಿದರೆ ಬಿಟ್ಟುಬಿಡಿ. ‘ನಮ್ಮೂರು’, ‘ನಮ್ಮಪ್ಪ’ ಎಂಬ ಪ್ರಬಂಧ, ವಂಶವೃಕ್ಷದ ಚಿತ್ರ ಕೊಡುವಾಗ ಮಗುವಿಗೆ ಬೇರೆ ವಿಷಯದ ಆಯ್ಕೆಯೂ ಇರಲಿ.

ನಾಲ್ಕು ವಾರ ದಾಟಿಯೂ ಇಳಿಯದಿದ್ದರೆ, ನಿದ್ದೆ ಊಟ ಕೆಟ್ಟರೆ, ಸಾಯುವ ಮಾತಾಡಿದರೆ (ಅದಕ್ಕೆ ನಾಲ್ಕು ವಾರ ಕಾಯಬೇಡಿ, ಅಂದೇ) ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮನೆಯವರು ಮೊದಲು ದೇವರ ಗುಡ್ಡರ (ಹಾಡಿಯ ದೇವರ ಪೂಜಾರಿಗಳ) ಬಳಿಗೋ, ಲಾಮಾಗಳ ಬಳಿಗೋ ಹೋಗುತ್ತಾರೆ. ಅದನ್ನು ಬಿಡಿಸಲು ಹೋದರೆ ಅವರು ನಿಮ್ಮನ್ನೇ ಬಿಡುತ್ತಾರೆ. ಎರಡೂ ನಡೆಯಲಿ, ಮಾತ್ರೆ ಮಾತ್ರ ತಪ್ಪದಿರಲಿ.

ದೌರ್ಜನ್ಯದ ಸುಳಿವು ಸಿಕ್ಕರೆ ಆಯ್ಕೆಯಿಲ್ಲ. ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ‘ಅವರ ಜನಾಂಗದ ಪದ್ಧತಿ’, ‘ಕ್ಯಾಂಪಿನವರೇ ಬಗೆಹರಿಸಿಕೊಳ್ಳುತ್ತಾರೆ’ ಎಂಬುದು ಸಬೂಬಾಗುವುದಿಲ್ಲ. ಮಗುವಿನ ಹೇಳಿಕೆ ಪಡೆಯುವಾಗ ದುಭಾಷಿ ಬೇಕಿದ್ದರೆ ಒದಗಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ, ಠಾಣೆಯಲ್ಲಿ ಇದನ್ನು ಕೇಳಿ ಪಡೆಯಿರಿ. ನೀವೇ ಮತ್ತೆ ಮತ್ತೆ ವಿಚಾರಿಸಬೇಡಿ. ಮಗು ಹೇಳಿದ ಮಾತನ್ನು ಅದೇ ಪದಗಳಲ್ಲಿ, ಅದೇ ಭಾಷೆಯಲ್ಲಿ ಬರೆದಿಡಿ. ಆಲೆಮನೆಯಲ್ಲಿ ದುಡಿಯುವ 14ರೊಳಗಿನ ಮಗು, ಒಂಟಿಯಾಗಿ ಸಿಕ್ಕ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಗೆ ಕೊಡುವ ಟಿಪ್ಪಣಿಯಲ್ಲೂ ಮನೆಮಾತಿನ ಸಾಲೊಂದು ಇರಲಿ. ಊರಿನ ಹೆಸರನ್ನು ತಪ್ಪಾಗಿ ಕೇಳಿಸಿಕೊಂಡು ಬೇರೆ ರಾಜ್ಯಕ್ಕೆ ಪತ್ರ ಬರೆದರೆ ಮಗು ಬಾಲಮಂದಿರದಲ್ಲೇ ತಿಂಗಳುಗಟ್ಟಲೆ ಉಳಿಯಬೇಕಾಗುತ್ತದೆ.

ಮಗು ಹೊರಟಾಗ

ಕಬ್ಬಿನ ಹಂಗಾಮು ಮುಗಿದಾಗ, ಕಟ್ಟಡದ ಸೆಂಟ್ರಿಂಗ್ ಬಿಚ್ಚಿದಾಗ ಇವರು ಹೇಳದೆ ಹೊರಟುಬಿಡುತ್ತಾರೆ. ಆದ್ದರಿಂದ ಸೇರಿದ ತಿಂಗಳಲ್ಲೇ ಒಂದು ಪುಟದ ಚೀಟಿ ತಯಾರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಾಯಿಯ ಕೈಗೆ ಕೊಟ್ಟುಬಿಡಿ. ಅದರಲ್ಲಿ ಇರಬೇಕಾದದ್ದು: ಮಗುವಿನ ಹೆಸರು ಅವರು ಉಚ್ಚರಿಸುವಂತೆ, ಎಸ್‌ಎಟಿಎಸ್ ಸಂಖ್ಯೆ, ಮನೆಮಾತು, ಎಷ್ಟು ಓದಲು ಬರುತ್ತದೆ, ಯಾವ ಲೆಕ್ಕದವರೆಗೆ ಬಂದಿದೆ, ಲಸಿಕೆಗಳ ವಿವರ (ತಾಯಿ ಕಾರ್ಡಿನ ಫೋಟೊ ಪ್ರತಿ), ಅಲರ್ಜಿ ಅಥವಾ ಕಾಯಿಲೆ, ಶಾಲೆಯ ಫೋನ್ ಸಂಖ್ಯೆ. ಕೌಟುಂಬಿಕ ಗುಟ್ಟು, ದೌರ್ಜನ್ಯದ ವಿವರ ಈ ಚೀಟಿಯಲ್ಲಿ ಬೇಡ, ಅದು ಹತ್ತು ಕೈ ದಾಟುತ್ತದೆ. ಲಸಿಕೆ ನಡುವೆ ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ಉಳಿದ ಡೋಸ್‌ಗಳನ್ನು ಎಎನ್‌ಎಂ ಮುಂದುವರಿಸುತ್ತಾರೆ ಎಂದು ತಾಯಿಗೆ ಹೇಳಿ. ಪಡಿತರ ಚೀಟಿ ಬೇರೆ ಜಿಲ್ಲೆ, ಬೇರೆ ರಾಜ್ಯದಲ್ಲೂ ನಡೆಯುತ್ತದೆ ಎಂಬುದನ್ನೂ ಹೇಳಿ, ಅನೇಕರಿಗೆ ಗೊತ್ತಿರುವುದಿಲ್ಲ.

ಹೋದ ಮಗುವಿನ ಹೆಸರನ್ನು ಹಾಜರಿಯಿಂದ ತಕ್ಷಣ ಹೊಡೆದುಹಾಕಬೇಡಿ. ಮುಂದಿನ ಹಂಗಾಮಿಗೆ ಅದೇ ಆಲೆಮನೆಗೆ ಬರುವವರು ಬಹಳ. ಹೋದ ಕಡೆಯ ಶಾಲೆಯವರು ಫೋನ್ ಮಾಡಿದರೆ ಎಸ್‌ಎಟಿಎಸ್‌ನಲ್ಲಿ ವರ್ಗಾವಣೆ ಕೊಟ್ಟುಬಿಡಿ, ಪೋಷಕರ ಸಹಿಗಾಗಿ ತಡೆಹಿಡಿಯಬೇಡಿ.